ಸ್ಟಿಕ್ಕರ್ ಅಂಟಿಸಿದ ಜಾಗ

ಅಕ್ಕ,

ನೀನು ತೀರಿಹೋದ ಮೇಲೆ, ಕ್ಯಾನ್ಸರಿಗೆಂದು ತೆಗೆದ ಕಡೆ ನನಗೆ ಹೊಸ ಮೊಲೆ ಕಟ್ಟಿಕೊಟ್ಟರು. ನಾಳೆ ಅದಕ್ಕೆ ತೊಟ್ಟು. ಅಲ್ಲಿನ ಚರ್ಮವನ್ನೇ ಎತ್ತಿ, ಮಡಚಿ ಹೊಲಿಯುತ್ತಾರೆ. ಆಮೇಲೆ ಕುಗ್ಗುತ್ತದೆಂದು ಮೊದಲು ದೊಡ್ಡದಾಗಿಯೇ ಮಾಡುತ್ತಾರಂತೆ. ಬಣ್ಣಕ್ಕೆ ಹಚ್ಚೆ.

ಇವತ್ತು ಡಾಕ್ಟರಮ್ಮ ಒಂದು ದುಂಡನೆಯ ಸ್ಟಿಕ್ಕರ್ ಕೊಟ್ಟು, "ಮಲಗಿದಾಗ ತೊಟ್ಟಿನ ಜಾಗ ಸರಿಯಾಗಿ ಗೊತ್ತಾಗಲ್ಲ. ಕನ್ನಡಿ ಮುಂದೆ ನಿಂತು ನೀವೇ ಅಂಟಿಸಿ" ಎಂದರು. ಅಂಟಿಸಿದೆ, ಕಿತ್ತೆ, ಮತ್ತೆ ಅಂಟಿಸಿದೆ. ಸಮಾಧಾನವಾಗಲಿಲ್ಲ.

"ನಿಮ್ಮೋರು ಯಾರಾದ್ರೂ ಹೊರಗಿದ್ದಾರಾ? ದೂರದಿಂದ ನೋಡಿದ್ರೆ ಬೇಗ ತಿಳಿಯತ್ತೆ. ಹೆಚ್ಚಿನವರು ಅಕ್ಕನ್ನೋ ತಂಗೀನೋ ಕರ್ಕೊಂಡು ಬರ್ತಾರೆ."

"ಯಾರೂ ಇಲ್ಲ" ಎಂದೆ.

ನರ್ಸ್ ಗೋಡೆಗೆ ಒರಗಿ ಒಂದು ಕಣ್ಣು ಮುಚ್ಚಿ ನೋಡಿದಳು. "ಸ್ವಲ್ಪ ಕೆಳಗೆ ಬರ್ಲಿ ಮೇಡಂ. ಹೊಸದಕ್ಕೆ ಇನ್ನೂ ಹದಿನೆಂಟು ವರ್ಷ, ಹಳೇದಕ್ಕೆ ನಲವತ್ತಾರು. ಇಬ್ರನ್ನೂ ರಾಜಿ ಮಾಡಿಸ್ಬೇಕಲ್ಲ!"

ನಕ್ಕೆ. ನಗುತ್ತಲೇ ನಿನ್ನ ನೆನಪಾಯಿತು. ಮೊಲೆ ತೆಗೆದ ಮೇಲೆ ಮೊದಲ ಸಲ ಡ್ರೆಸ್ಸಿಂಗ್ ಬಿಚ್ಚುವಾಗ ನೀನು, "ನಾನೂ ನೋಡ್ಲೇನೇ?" ಎಂದು ಕೇಳಿದ್ದೆ. ನಾನು ನಿನ್ನನ್ನು ಕಾಫಿ ತರಲು ಕಳಿಸಿದೆ. ತಂದ ಕಾಫಿ ಹಿಡಿದು ನೀನು ಬಾಗಿಲ ಆಚೆಯೇ ನಿಂತಿದ್ದೆ, ಅದು ತಣ್ಣಗಾಗುವವರೆಗೆ. ಆಮೇಲೆ ನೀನು ಕೇಳಲಿಲ್ಲ. ನಾನು ತೋರಿಸಬಹುದಿತ್ತೇನೋ.

ಡಾಕ್ಟರಮ್ಮ ಸ್ಟಿಕ್ಕರಿನ ಸುತ್ತ ಪೆನ್ನಿನಿಂದ ಗೆರೆ ಎಳೆದರು. "ಮುಟ್ಟಿದ್ರೆ ಏನೂ ಗೊತ್ತಾಗಲ್ಲಮ್ಮ, ಮೊದಲೇ ಹೇಳಿದೀನಿ. ಇದು ನೋಡೋದಕ್ಕಷ್ಟೇ."

ಮನೆಗೆ ಬಂದು ಬಾಗಿಲು ಹಾಕಿಕೊಂಡು ಕನ್ನಡಿ ಮುಂದೆ ನಿಂತಿದ್ದೇನೆ. ಗೆರೆ ಇನ್ನೂ ಅಳಿಸಿಲ್ಲ.

ನೋಡೇ ಅಕ್ಕ. ಸರಿಯಾಗಿದೆಯಾ?