ಎರಡು ಕೊಲ್ಲಿಯ ಮೀನು, ಒಂದೇ ಬಳಗ

ಅಕ್ಕಾ,

ಗೆದ್ದೆವು ಕಣೇ! ಹಿಮಸಮುದ್ರದ ಎರಡು ಕೊಲ್ಲಿಗಳಿಂದ ನೀನು ಕೊನೆಯ ಸಲ ತಂದ ಮೀನುಗಳ ಡಿಎನ್‌ಎ ಹೊಂದಿಕೆಯಾಯಿತು. ನೀನು ಹೇಳುತ್ತಿದ್ದಂತೆ, ಪಶ್ಚಿಮದ ಕೊಲ್ಲಿಯಲ್ಲಿ ಹುಟ್ಟಿದ ಮರಿಗಳೇ ನೀರಿನ ಸೆಳೆತದಲ್ಲಿ ತೇಲುತ್ತಾ ಬಂದು ಪೂರ್ವದ ಕೊಲ್ಲಿ ಸೇರುತ್ತವೆ.

ಇವತ್ತಿನ ಸಭೆಯಲ್ಲಿ ಮೀನುಗಾರಿಕೆ ಅಧಿಕಾರಿ, "ಪೂರ್ವದ್ದೊಂದನ್ನ ಕಾಪಾಡಿದ್ರೆ ಸಾಲದಾ?" ಅಂದರು.

"ತವರೇ ಬರಿದಾದ್ರೆ ಇಲ್ಲಿಗೆ ಬರೋರ್ಯಾರು ಸಾರ್?" ಅಂದೆ.

ಸಭೆ ನಕ್ಕಿತು. ಕೊನೆಗೆ ಎರಡೂ ಕೊಲ್ಲಿಗಳಲ್ಲಿ ಬಲೆ ಬೀಸುವುದನ್ನು ನಿಷೇಧಿಸಿದರು! ನಾನು ಎಲ್ಲರೆದುರೇ ಎದ್ದು ಕುಣಿದುಬಿಟ್ಟೆ.

ಹೊರಡುವಾಗ ಅಧಿಕಾರಿ ಕೇಳಿದರು, "ಆ ಚಳೀಲಿ ಮೀನು ಹಿಡಿದೋರು ಯಾರಮ್ಮಾ?"

"ನಮ್ಮಕ್ಕ."

"ಮನೆಗೆ ಹೋಗಿ ಮೊದಲು ಅವರಿಗೆ ಹೇಳು."

ಹೂಂ ಅಂದೆ. ನೀನು ತೀರಿಹೋದೆ ಅನ್ನಲು ಬಾಯಿ ಬರಲಿಲ್ಲ. ಚಪ್ಪಲಿ ಕೂಡ ಬಿಚ್ಚದೆ, ಮೊದಲು ನಿನಗೇ ಹೇಳುತ್ತಿದ್ದೇನೆ.