ಮಗಳ ಪಕ್ಷ ವಹಿಸಿ

ಶಹಾಬಾದ, ೧೨ ಜೂನ್ ೧೯೭೮, ಸೋಮವಾರ

ಮಗಳು ಗಂಗಾಂಬಿಕೆಯ ಹಟ ನಿದ್ದೆ ಕೆಡಿಸಿದೆ. ಸಸ್ಯಶಾಸ್ತ್ರದ ಪದವಿ ಮುಗಿಸಿದ ಅವಳಿಗೆ ಧಾರವಾಡದಲ್ಲಿ ವ್ಯವಹಾರ ಆಡಳಿತದ ಸ್ನಾತಕೋತ್ತರ ತರಗತಿ ಬೇಕಂತೆ. ಗಿಡಬಳ್ಳಿ ಓದಿದವಳಿಗೆ ಮಾರಾಟದ ವಿದ್ಯೆ ಏಕೆಂದು ಊಟದ ಹೊತ್ತಿನಲ್ಲಿ ಖಂಡಿಸಿದೆ.

“ಕಾಲೇಜಿನ ಚರ್ಚಾ ಸ್ಪರ್ಧ್ಯಾಗ ಚೀಟಿ ಎತ್ತಿ ಯಾವ ಪಕ್ಷ ಬಂದ್ರೂ ವಾದ ಗೆಲ್ತಿದ್ರಂತಲ್ಲ ಅಪ್ಪಾ! ಈಗ ನನ್ನ ಪಕ್ಷ ಹಿಡಿದು ಮಾತಾಡ್ರಿ, ನೋಡೋಣು,” ಎಂದು ಕೆಣಕಿದಳು.

ಮಾತನಾಡಿದೆ. ಶಹಾಬಾದಿ ಕಲ್ಲು ಒಡೆಯುವವರು ನಾವು, ಮಾರಿ ಬೆಳೆಯುವವರು ಹೊರಗಿನವರು. ವಾಣಿಜ್ಯ ಓದದವರಿಗೂ ಪ್ರವೇಶ ಕೊಡುವ ತರಗತಿಯನ್ನು ನಮ್ಮವರು ಬಿಡಬಾರದೆಂದೆ.

“ಮುಗೀತಲ್ರಿ, ನೀವ ಒಪ್ಪಿದ್ರಿ!” ಎಂದಳು.

ಪ್ರತಿವಾದ ಹುಡುಕುತ್ತಿದ್ದೇನೆ. ಇರುವುದೊಂದೇ: ಅವಳ ಅಣ್ಣ ರೇವಣಸಿದ್ಧ ತೀರಿಕೊಂಡ ಮೇಲೆ ನನಗುಳಿದವಳು ಅವಳೊಬ್ಬಳೇ. ಅದನ್ನು ಯಾವ ಸಭೆಯೂ ವಾದವೆಂದು ಒಪ್ಪದು. ಬೆಳಿಗ್ಗೆ ‘ಹೋಗು’ ಎನ್ನಬೇಕು. ದನಿ ಗಟ್ಟಿಯಾಗಿರಬೇಕು, ನಡುಗಿದರೆ ಅವಳು ಹೋಗುವುದಿಲ್ಲ.