ಎಂಟುನೂರು ಮೀಟರ್ ಓಟ

ಕಗ್ಗದಾಸಪುರ
೧೯-೯-೨೦೦೪

ಮಗಳು ಸುಕನ್ಯಳಿಗೆ ಅಪ್ಪನ ಆಶೀರ್ವಾದ.

ನಿನ್ನ ಕಾಗದ ಬಂದು ಎರಡು ತಿಂಗಳಾಯಿತು. ಮೂರು ಸಲ ಉತ್ತರ ಬರೆಯಲು ಕೂತು ಎದ್ದೆ, ತಪ್ಪು ತಿಳಿಯಬೇಡ. ನಾನೂ ನಿನ್ನ ಅಮ್ಮನೂ ಚೆನ್ನಾಗಿದ್ದೇವೆ. ಮನೆ ಮುಂದಿನ ರಸ್ತೆ ಅಗೆದು ಹಾಗೇ ಬಿಟ್ಟಿದ್ದಾರೆ. ಅಳಿಯಂದಿರನ್ನು ಕೇಳಿದೆನೆಂದು ಹೇಳು.

ಚಿಂತಾಮಣಿಯಲ್ಲಿ ನಿನ್ನ ಶಾಲೆಯ ಹುಡುಗಿಯರನ್ನು ಬೆಳಗ್ಗೆ ಐದಕ್ಕೇ ಓಡಿಸುತ್ತೀಯಂತೆ. ಕಾಲು ನೋವು ಅಂದವರನ್ನೂ ಬಿಡುವುದಿಲ್ಲವಂತೆ. ನನಗೆ ಪ್ರತಿಭೆ ಇರಲಿಲ್ಲ, ಶ್ರಮವೂ ಸಾಲಲಿಲ್ಲ, ಇವರು ನನ್ನ ಹಾಗೆ ಸೋಲಬಾರದು ಎಂದು ಬರೆದಿದ್ದೀಯ. ಆ ಮಾತನ್ನು ನಿನ್ನ ತಲೆಗೆ ತುಂಬಿದವನು ನಾನು.

ಹೋದ ವಾರ ಹಲಸೂರಿನ ಬಸ್ ಸ್ಟಾಪಿನಲ್ಲಿ ಅಂಬ್ರೀನ್ ಸಿಕ್ಕಳು. ತೊಂಬತ್ತಾರರಲ್ಲಿ ನಿನ್ನ ಜೊತೆ ಎಂಟುನೂರು ಮೀಟರ್ ಓಡುತ್ತಿದ್ದ ಶಿವಾಜಿನಗರದ ಹುಡುಗಿ. ಪ್ರಾಕ್ಟೀಸಿಗೆ ದಿನಾ ತಡವಾಗಿ ಬಂದು ನಗುನಗುತ್ತಲೇ ಗೆಲ್ಲುತ್ತಿದ್ದಳಲ್ಲ. ಅವಳದು ಹುಟ್ಟು ಪ್ರತಿಭೆ, ನಿನಗೆ ಅದಿಲ್ಲ, ನೀನು ಬೆವರು ಸುರಿಸಿಯೇ ಅವಳನ್ನು ಹಿಡಿಯಬೇಕು ಎಂದು ನಾನು ಹೇಳದ ದಿನವಿರಲಿಲ್ಲ. ಮೈದಾನದಿಂದ ಬಂದ ಮೇಲೂ ಕೆರೆ ಏರಿಯ ಮೇಲೆ ನಿನ್ನನ್ನು ಓಡಿಸಿ, ಹಿಂದೆ ಸೈಕಲ್ ತುಳಿಯುತ್ತಿದ್ದೆ. ರಾಜ್ಯದ ತಂಡಕ್ಕೆ ಆಯ್ಕೆ ನಡೆದ ದಿನ, ಎರಡನೇ ಸುತ್ತಿನಲ್ಲಿ ಮೊಣಕಾಲ ಕೆಳಗಿನ ಮೂಳೆ ಮುರಿದು ನೀನು ಬಿದ್ದೆ. ಅವಳು ಗೆದ್ದಳು, ಕ್ರೀಡಾ ಕೋಟಾದಲ್ಲಿ ಕೆಲಸಕ್ಕೂ ಸೇರಿದಳು. ನಿನ್ನ ಕಾಲು ಮತ್ತೆ ನೆಟ್ಟಗಾಗಲಿಲ್ಲ.

ಅಂಬ್ರೀನ್ ಮೊದಲು ವಿಚಾರಿಸಿದ್ದೇ ನಿನ್ನನ್ನು. ನೀನು ಇವತ್ತಿಗೂ ಕಾಲೆಳೆದು ನಡೆಯುವುದನ್ನು ಹೇಳಿದೆ.

"ಅಂಕಲ್, ನಾನು ಲೇಟಾಗಿ ಬರ್ತಿದ್ದೆ ಅಂತ ನಿಮಗೆ ಕೋಪ ಇತ್ತಲ್ವಾ? ಅಬ್ಬಾ ಜೊತೆ ಆಗ್ಲೇ ಒಂದು ಗಂಟೆ ಓಡಿ ಬರ್ತಿದ್ದೆ. ನಂದೆಲ್ಲಾ ಕಷ್ಟಪಟ್ಟು ಕಲ್ತಿದ್ದು. ಸುಕನ್ಯಂಗೆ ಅದು ಹುಟ್ತಾನೇ ಬಂದಿತ್ತು. ಅವಳು ಹೆಜ್ಜೆ ಇಡೋದು ನೋಡ್ಕೊಂಡೇ ನಾನು ಕಲ್ತೆ," ಅಂದಳು.

ಕಾಲು ನೋವೆಂದರೆ ಅವಳ ಅಪ್ಪ ಎರಡೆರಡು ವಾರ ಮೈದಾನಕ್ಕೇ ಕಳಿಸುತ್ತಿರಲಿಲ್ಲವಂತೆ.

ಬಸ್ಸು ಬಂದರೂ ನಾನು ಹತ್ತಲಿಲ್ಲ. ಮನೆತನಕ ನಡೆದೇ ಬಂದೆ. ಅಷ್ಟು ವರ್ಷ ನನ್ನ ಕಣ್ಣೆದುರೇ ಓಡಿದ ಮಗಳ ಓಟ ನನಗೆ ಕಾಣಿಸಲಿಲ್ಲ. ನಾನು ಗಡಿಯಾರವನ್ನೇ ನೋಡುತ್ತಿದ್ದೆ.

ನೀವಿಬ್ಬರೂ ಸುಖವಾಗಿ ಬಾಳಿ. ಆ ಹುಡುಗಿಯರಲ್ಲಿ ಯಾರಾದರೂ ನೋವು ಅಂದರೆ ಕೂರಿಸಮ್ಮ.

ನಿನ್ನ ಅಪ್ಪ,
ಮುನಿಆಂಜನಪ್ಪ

ವಿ.ಸೂ.: ಆಯ್ಕೆಗೆ ಹತ್ತು ದಿನ ಮೊದಲು ಮರ್ಫಿ ಟೌನಿನ ಡಾಕ್ಟರ ಹತ್ತಿರ ಎಕ್ಸ್‌ರೇ ತೆಗೆಸಿದ್ದೆವು. ನಿನ್ನನ್ನು ಹೊರಗೆ ಕೂರಿಸಿ ನಾನೊಬ್ಬನೇ ಒಳಗೆ ಹೋದೆ. ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕಿದೆ, ಆರು ವಾರ ಓಡಿಸಬೇಡಿ ಎಂದರು. ಹೊರಗೆ ಬಂದು ನಿನಗೆ, ಬರೀ ಉಳುಕು, ಎಣ್ಣೆ ಹಚ್ಚಿದರೆ ಹೋಗುತ್ತದೆ ಎಂದು ಹೇಳಿದೆ. ಆ ವರ್ಷ ತಪ್ಪಿದರೆ ನಿನ್ನ ವಯಸ್ಸು ಮೀರುತ್ತಿತ್ತು. ಇದು ನಿನ್ನ ಅಮ್ಮನಿಗೂ ಗೊತ್ತಿಲ್ಲ. ಆಸ್ಪತ್ರೆಯಲ್ಲಿ ಕಾಲಿಗೆ ಪ್ಲಾಸ್ಟರ್ ಹಾಕಿ ಮಲಗಿಸಿದ್ದಾಗ ನೀನು ನನ್ನ ಕೈ ಹಿಡಿದುಕೊಂಡು, "ಅಪ್ಪ, ನಾನಿನ್ನೂ ಸ್ವಲ್ಪ ಕಷ್ಟಪಡ್ಬೇಕಿತ್ತು," ಅಂದೆ. ನಾನು ಹೌದು ಅಂದೆ.